ಊರು ಕುಸಿಯುವ ಮುನ್ನ: ಹವಾಮಾನ ವೈಪರೀತ್ಯಕ್ಕೆ ಬಯಲುಸೀಮೆಯ ಹಳ್ಳಿ ಸಿದ್ಧವಾಗುವ ಬಗೆ

ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರ್‌ನಲ್ಲಿ. ಆ ಸಂಭ್ರಮ ಇನ್ನೂ ಹಳತಾಗಿರಲಿಲ್ಲ, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಬೇಕಾಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಅದೇ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿದುಬಿತ್ತು. 2025ರ ಜನವರಿಯಲ್ಲಿ ವಾಣಿವಿಲಾಸ ಇನ್ನೊಮ್ಮೆ ಕೋಡಿ ಬಿತ್ತು. ಎರಡೂವರೆ ವರ್ಷಗಳೊಳಗೆ ಒಂದೇ ರಾಜ್ಯದ ಜನ ನೆರೆಯನ್ನೂ ಬರವನ್ನೂ ಮತ್ತೆ ತುಂಬಿದ ಕೆರೆಯನ್ನೂ ಕಂಡರು. ಅಜ್ಜ ಹೇಳಿಕೊಟ್ಟ ಮಳೆ ನಕ್ಷತ್ರಗಳ ಲೆಕ್ಕವಾಗಲಿ, ಎಂಜಿನಿಯರ್ ಹಿಡಿದ ಸರಾಸರಿಯ ಲೆಕ್ಕವಾಗಲಿ ಈ ಏರಿಳಿತವನ್ನು ಹಿಡಿಯಲಾರವು.

ಇದರ ಹಿಂದಿನ ಕಾರಣ ಈಗ ಗುಟ್ಟಾಗಿ ಉಳಿದಿಲ್ಲ. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 280 ಭಾಗದಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಭೂಮಿಯ ಸರಾಸರಿ ಉಷ್ಣತೆ ಆ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ದಾಟಬಾರದೆಂದು ಆಶಿಸಿದ ಒಂದೂವರೆ ಡಿಗ್ರಿಯ ಗೆರೆಯನ್ನು ಪೂರ್ತಿ ಒಂದು ವರ್ಷ ದಾಟಿದ್ದು ಅದೇ ಮೊದಲು. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ತೇವವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಮಳೆಯಿಲ್ಲದ ದಿನಗಳಲ್ಲಿ ಆ ಗಾಳಿ ಹೊಲದ ತೇವವನ್ನು ಮೊದಲಿಗಿಂತ ಬೇಗ ಹೀರುತ್ತದೆ; ಮಳೆ ಬಂದಾಗ ಹಿಡಿದದ್ದನ್ನೆಲ್ಲ ಒಂದೇ ಹೊಡೆತಕ್ಕೆ ಸುರಿಯುತ್ತದೆ. ಬರ ಮತ್ತು ನೆರೆ ಎರಡೂ ಒಂದೇ ಮೂಲದಿಂದ ಬರುತ್ತವೆ ಎಂಬುದನ್ನು ಊರಿನ ಸಭೆಯಲ್ಲಿ ಮೊದಲು ವಿವರಿಸಬೇಕು. ಅದು ಅರ್ಥವಾದರೆ ಮಳೆ ಚೆನ್ನಾಗಿ ಬಂದ ವರ್ಷ ಬರದ ಸಿದ್ಧತೆಯನ್ನು ಕೈಬಿಡುವ ತಪ್ಪು ಆಗುವುದಿಲ್ಲ.

ಈ ಬರಹ ತುಮಕೂರು, ಚಿತ್ರದುರ್ಗ, ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲುಸೀಮೆಯ ಹಳ್ಳಿಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದದ್ದು. ಮಲೆನಾಡಿಗೆ ಮತ್ತು ಕರಾವಳಿಗೆ ಬೇರೆಯದೇ ಸಿದ್ಧತೆ ಬೇಕು. ನಗರದಲ್ಲಿರುವವರು ಇದನ್ನು ತಮ್ಮ ಬಡಾವಣೆಗೆ ಹೊಂದಿಸಿಕೊಳ್ಳಬಹುದು, ಆದರೆ ಕೆರೆ ಮತ್ತು ಕಾಳಿನ ಮಾತು ಮುಖ್ಯವಾಗಿ ಹಳ್ಳಿಗೇ ಸೇರಿದ್ದು.

ಕುಸಿತ ಹೇಗೆ ಬರುತ್ತದೆ

ಸಮಾಜ ಕುಸಿಯುತ್ತದೆ ಎಂದಾಗ ಒಂದು ದಿನ ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದುಹೋಗುವ ಚಿತ್ರ ಮನಸ್ಸಿಗೆ ಬರುತ್ತದೆ. ನಮ್ಮ ನೆಲದ ಇತಿಹಾಸ ಬೇರೆ ಬಗೆಯ ಕುಸಿತವನ್ನು ತೋರಿಸುತ್ತದೆ. 1876ರಿಂದ 78ರವರೆಗಿನ ಮಹಾ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯ ಐದನೇ ಒಂದು ಭಾಗ ಅಳಿಯಿತೆಂದು ಅಂದಾಜು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿದ್ದರು. ಮಳೆ ಕೈಕೊಟ್ಟಿದ್ದು ನಿಜ. ಆದರೆ ಮಳೆ ಹೋದ ತಕ್ಷಣ ಜನ ಸಾಯಲಿಲ್ಲ. ಮೊದಲು ಬೆಲೆ ಏರಿತು, ಕೂಲಿ ನಿಂತಿತು, ದನಗಳು ಸತ್ತವು, ಸಾಲ ಕೊಡುವವರು ಕೈಕಟ್ಟಿದರು, ಜನ ಊರು ಬಿಟ್ಟು ದಾರಿಯಲ್ಲಿ ಬಿದ್ದರು, ಆಮೇಲೆ ಕಾಲರಾ, ಸಿಡುಬು ಬಂದವು. ಹೊಲವಿಲ್ಲದ ಕೂಲಿಕಾರರು ಮತ್ತು ನೇಕಾರರಂಥ ಕಸುಬುದಾರರು ಎಲ್ಲರಿಗಿಂತ ಮೊದಲು ಸತ್ತರು. ಅದೇ ವರ್ಷಗಳಲ್ಲಿ ಬ್ರಿಟಿಷ್ ಇಂಡಿಯಾದಿಂದ ಇಂಗ್ಲೆಂಡಿಗೆ ಗೋಧಿಯ ರಫ್ತು ನಿಲ್ಲಲಿಲ್ಲ.

ಆದ್ದರಿಂದ ಊರಿನ ಸಿದ್ಧತೆ ಎಂದರೆ ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಮೊದಲೇ ಪರೀಕ್ಷಿಸಿ, ಒಂದು ಕಡಿದರೆ ಮುಂದಿನದು ಕಡಿಯದಂತೆ ನೋಡಿಕೊಳ್ಳುವುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ನಿಜವಾದ ಸರಪಳಿಯೇ ತುಂಡಾಗಿ ಕೊಚ್ಚಿಹೋಯಿತು. ಅಲ್ಲಿ ಹವಾಮಾನದ ಮೇಲೆ ತಪ್ಪು ಹೊರಿಸುವ ಅಗತ್ಯವಿಲ್ಲ. ಎಪ್ಪತ್ತು ವರ್ಷ ಹಳೆಯ ಕಬ್ಬಿಣ ಸವೆದಿತ್ತು. ಆದರೆ ಒಂದು ಕೊಂಡಿಯಿಂದ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯಗಳ ಲಕ್ಷಾಂತರ ರೈತರ ಬೆಳೆ ಕೆಲವು ದಿನ ತೂಗುಯ್ಯಾಲೆಯಲ್ಲಿತ್ತು. ಹಳೆಯ ಕಾಲದ ಮಳೆಗೆ ಕಟ್ಟಿದ, ಸರಿಯಾಗಿ ನೋಡಿಕೊಳ್ಳದ ವ್ಯವಸ್ಥೆಗಳು ಹೊಸ ಕಾಲದ ಮಳೆಗೆ ಸಿಕ್ಕಾಗ ಏನಾಗಬಹುದೆಂದು ಊಹಿಸಲು ಅಷ್ಟು ಸಾಕು.

ಮೊದಲ ಕೆಲಸ: ಊರಿನ ಲೆಕ್ಕ

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಊರಿನಲ್ಲಿ ಎಷ್ಟು ಮನೆಗಳು, ಎಷ್ಟು ಜನ, ಐದು ವರ್ಷದೊಳಗಿನ ಮಕ್ಕಳು ಎಷ್ಟು, ಬಸುರಿ ಬಾಣಂತಿಯರು ಯಾರು, ಒಂಟಿಯಾಗಿರುವ ವೃದ್ಧರು ಯಾವ ಮನೆಯಲ್ಲಿದ್ದಾರೆ, ಡಯಾಲಿಸಿಸ್‌ಗೆ ಹೋಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಯಾರು, ದನಕುರಿಗಳೆಷ್ಟು, ಬಾವಿ, ಕೊಳವೆಬಾವಿ, ಕೈಪಂಪುಗಳೆಷ್ಟು, ಅವುಗಳಲ್ಲಿ ಬದುಕಿರುವುದು ಯಾವುದು ಎಂಬುದನ್ನು ಬರೆಯಬೇಕು. ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಶಿಕ್ಷಕಿಯ ಬಳಿ ಇದರ ಅರ್ಧ ಮಾಹಿತಿ ಈಗಾಗಲೇ ಇರುತ್ತದೆ. ಉಳಿದರ್ಧಕ್ಕೆ ಹೈಸ್ಕೂಲಿನ ಮಕ್ಕಳನ್ನು ಕಳಿಸಿದರೆ ಎರಡು ಭಾನುವಾರಗಳಲ್ಲಿ ಮುಗಿಯುತ್ತದೆ.

ಈ ಲೆಕ್ಕ ಕೇರಿಯ ಕೊನೆಯ ಮನೆಯನ್ನೂ, ಊರಾಚೆ ಟೆಂಟು ಹಾಕಿರುವ ಅಲೆಮಾರಿಗಳನ್ನೂ, ಇಟ್ಟಿಗೆ ಗೂಡಿಗೆ ಬಂದ ಉತ್ತರದ ಕೂಲಿಯವರನ್ನೂ ಒಳಗೊಳ್ಳಬೇಕು. ಪರಿಶಿಷ್ಟರ ಕಾಲೊನಿಗೆ ಬೇರೆ ನಲ್ಲಿ, ಊರಿಗೆ ಬೇರೆ ನಲ್ಲಿ ಎಂದು ಇಂದಿಗೂ ನಡೆಯುತ್ತಿರುವ ಊರಿನಲ್ಲಿ ಬರ ಬಂದಾಗ ಯಾರ ನಲ್ಲಿ ಮೊದಲು ಒಣಗುತ್ತದೆಂದು ಎಲ್ಲರಿಗೂ ಗೊತ್ತು. ಅದನ್ನು ಸರಿಪಡಿಸದೆ ಉಳಿದ ಸಿದ್ಧತೆ ಮಾಡುವುದು ಅನ್ಯಾಯ. ಅಂಥ ಸಿದ್ಧತೆ ಬಾಳುವುದೂ ಇಲ್ಲ, ಯಾಕೆಂದರೆ ಮುಂದೆ ಹೇಳುವ ಕೆಲಸಗಳಿಗೆಲ್ಲ ಇಡೀ ಊರಿನ ಕೈಗಳು ಬೇಕಾಗುತ್ತವೆ.

ನೀರು

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಊರಿಗೆ ನೀರು ಕೊಡುವ ಕೊಳವೆಬಾವಿಯಲ್ಲಿ ಎರಡು ಇಂಚು ನೀರಿದೆ, ಮೂರು ಇಂಚು ನೀರಿದೆ ಎಂದು ಹೇಳುವುದು ವಾಡಿಕೆ. ಸಿದ್ಧತೆಗೆ ಇದಕ್ಕಿಂತ ನಿಖರವಾದ ಅಳತೆ ಬೇಕು, ಅದು ಸುಲಭವೂ ಹೌದು. ಪಂಪು ಓಡಲು ಶುರುವಾಗಿ ಒಂದು ಗಂಟೆಯಾದ ಮೇಲೆ 200 ಲೀಟರಿನ ಡ್ರಮ್ಮನ್ನು ಪೈಪಿನ ಬಾಯಿಗಿಟ್ಟು, ಮೊಬೈಲಿನ ಗಡಿಯಾರ ಹಿಡಿದು ಎಷ್ಟು ಹೊತ್ತಿಗೆ ತುಂಬಿತೆಂದು ನೋಡಬೇಕು. ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರ್ ಎಂದಾಯಿತು. ಊರಿನಲ್ಲಿ 900 ಜನರಿದ್ದಾರೆಂದು ಇಟ್ಟುಕೊಳ್ಳೋಣ. ಜಲಜೀವನ್ ಮಿಷನ್ ಹೇಳುವ ತಲೆಗೆ ದಿನಕ್ಕೆ 55 ಲೀಟರಿನಂತೆ 49,500 ಲೀಟರ್ ಬೇಕು, ಅಂದರೆ ಆ ಪಂಪು ದಿನಕ್ಕೆ ಹದಿನಾರೂವರೆ ಗಂಟೆ ಓಡಬೇಕು. ವಿದ್ಯುತ್ ಅಷ್ಟು ಹೊತ್ತು ಇರುತ್ತದೆಯೇ, ಬಾವಿ ಅಷ್ಟು ಹೊತ್ತು ತಡೆಯುತ್ತದೆಯೇ ಎಂಬ ಪ್ರಶ್ನೆ ಆಗ ಎದುರಿಗೆ ಬರುತ್ತದೆ. ವಿಪತ್ತಿನ ಹೊತ್ತಿನಲ್ಲಿ ಕುಡಿಯಲು, ಅಡುಗೆಗೆ, ಅತ್ಯಗತ್ಯ ಶುಚಿತ್ವಕ್ಕೆ ತಲೆಗೆ ದಿನಕ್ಕೆ 15 ಲೀಟರ್ ಕನಿಷ್ಠವೆಂದು ಪರಿಹಾರ ಕಾರ್ಯದವರು ಜಗತ್ತಿನೆಲ್ಲೆಡೆ ಒಪ್ಪಿದ ಅಳತೆ. ಅದೇ ಊರಿಗೆ ಅದು 13,500 ಲೀಟರ್, ನಾಲ್ಕೂವರೆ ಗಂಟೆಯ ಪಂಪು. ಈ ಎರಡು ಸಂಖ್ಯೆಗಳನ್ನು ಓವರ್‌ಹೆಡ್ ಟ್ಯಾಂಕಿನ ಕಂಬದ ಮೇಲೆ ದೊಡ್ಡದಾಗಿ ಬರೆಸಿಡುವುದು ಒಳ್ಳೆಯದು.

ಡ್ರಮ್ಮಿನ ಅಳತೆಯನ್ನು ತಿಂಗಳಿಗೊಮ್ಮೆ, ಸಾಧ್ಯವಾದರೆ ಅಮಾವಾಸ್ಯೆಯ ಮರುದಿನವೆಂದು ಗೊತ್ತುಮಾಡಿಕೊಂಡು, ನೀರುಗಂಟಿಯೇ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ನಾಲ್ಕು ನಿಮಿಷ ಐದಾಗಿ, ಐದು ಏಳಾಗುವುದು ಕಣ್ಣಿಗೆ ಕಾಣುತ್ತಿದ್ದರೆ ಬಾವಿ ಬತ್ತುವ ತಿಂಗಳನ್ನು ಊರು ಮೊದಲೇ ಅಂದಾಜು ಮಾಡಬಹುದು. ಹಳೆಯ ತೆರೆದ ಬಾವಿ ಯಾವುದಾದರೂ ಉಳಿದಿದ್ದರೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೀರಿನ ಮಟ್ಟವನ್ನೂ ಅಳೆಯಿರಿ. ಅಂಥ ಬಾವಿಗೆ ಕಸ ಸುರಿದು ಮುಚ್ಚುವುದನ್ನು ಇಂದೇ ನಿಲ್ಲಿಸಬೇಕು.

ಇಳುವರಿ ಕುಸಿದಾಗ ಇನ್ನೊಂದು ಕೊಳವೆಬಾವಿ ಕೊರೆಸುವುದು ಎಲ್ಲರಿಗೂ ತಕ್ಷಣ ಹೊಳೆಯುವ ಉಪಾಯ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯ ಉಪಾಯವಾಗಬೇಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಕಾಟ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರು ವರ್ಷಗಟ್ಟಲೆ ಕುಡಿದವರ ಹಲ್ಲು, ಮೂಳೆ ಏನಾಗುತ್ತದೆಂಬುದನ್ನು ಆ ಊರುಗಳಲ್ಲಿ ಕಣ್ಣಾರೆ ನೋಡಬಹುದು. ಅದಕ್ಕಿಂತ ತಲೆಯ ಮೇಲೆ ಬೀಳುವ ನೀರನ್ನು ಹಿಡಿಯುವುದು ಲೇಸು. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಆರ್‌ಸಿಸಿ ಸೂರಿಗೆ ವರ್ಷಕ್ಕೆ 600 ಮಿಲಿಮೀಟರ್ ಮಳೆಯಾದರೆ, ಐದರಲ್ಲಿ ಒಂದು ಪಾಲು ಪೋಲಾದರೂ 48,000 ಲೀಟರ್ ಸಿಗುತ್ತದೆ. ಕುಡಿಯಲು ಮತ್ತು ಅಡುಗೆಗೆ ಮಾತ್ರ ಬಳಸಿದರೆ ಐದು ಜನರ ಮನೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಹತ್ತು ಸಾವಿರ ಲೀಟರೂ ಬೇಕಾಗುವುದಿಲ್ಲ. ಎಲ್ಲ ಮನೆಗಳಿಗೂ ಇದು ಒಮ್ಮೆಗೇ ಆಗದು. ಶಾಲೆ, ಅಂಗನವಾಡಿ, ಸಮುದಾಯ ಭವನ, ಹಾಲಿನ ಡೇರಿ ಈ ನಾಲ್ಕು ಕಟ್ಟಡಗಳಿಂದ ಶುರುಮಾಡಿ. ಮೊದಲ ಮಳೆಯ ಕೊಳೆ ನೀರನ್ನು ಹೊರಕ್ಕೆ ಬಿಡುವ ವ್ಯವಸ್ಥೆ, ಜಲ್ಲಿ ಮರಳಿನ ಶೋಧಕ, ಬೆಳಕು ಸೋಕದ ತೊಟ್ಟಿ ಇರಲೇಬೇಕು.

ನೆರೆಯ ನಂತರವಾಗಲಿ ಟ್ಯಾಂಕರ್ ನೀರು ಬಂದಾಗಲಾಗಲಿ ಶುದ್ಧೀಕರಣ ಮರೆಯಬಾರದು. ಒಳ್ಳೆಯ ಬ್ಲೀಚಿಂಗ್ ಪೌಡರಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬೇಕಾಗುತ್ತದೆ. ಅದನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಸುಣ್ಣದಂಥ ಗಸಿ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ತೊಟ್ಟಿಗೆ ಹಾಕಿ, ಒಂದು ಗಂಟೆ ಬಿಟ್ಟು ಬಳಸಬೇಕು. ಚೀಲ ತೆರೆದಿಟ್ಟ ಪೌಡರು ಕೆಲವೇ ವಾರಗಳಲ್ಲಿ ಶಕ್ತಿ ಕಳೆದುಕೊಳ್ಳುವುದರಿಂದ ಮುಚ್ಚಳ ಭದ್ರವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೆರಳಿನಲ್ಲಿಡಿ.

ಕೆರೆ

ಬಯಲುಸೀಮೆಯ ಕೆರೆಗಳು ಒಂಟಿಯಾಗಿಲ್ಲ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಹರಿಯುವಂತೆ ಕಟ್ಟಿದ ಸಾಲು ಅದು. ಹಾಗಾಗಿ ನಿಮ್ಮ ಕೆರೆಯ ಭದ್ರತೆ ಮೇಲಿನ ಊರಿನವರ ಕೈಯಲ್ಲಿದೆ, ಕೆಳಗಿನ ಊರಿನವರ ಜೀವ ನಿಮ್ಮ ಕೈಯಲ್ಲಿದೆ. ಆ ಎರಡೂ ಊರಿನ ಇಬ್ಬಿಬ್ಬರ ಫೋನ್ ಸಂಖ್ಯೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರಲಿ.

ಏಪ್ರಿಲ್ ತಿಂಗಳಲ್ಲಿ ಹಿರಿಯ ನೀರುಗಂಟಿಯೊಬ್ಬರನ್ನು ಕರೆದುಕೊಂಡು ಏರಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ. ಜಾಲಿ ಮರಗಳು ಬೆಳೆದಿದ್ದರೆ ಬೇರು ಏರಿಯ ಒಳಗೆ ದಾರಿ ಮಾಡಿರುತ್ತದೆ. ಹುತ್ತ, ಹೆಗ್ಗಣದ ಬಿಲ ಕಂಡಲ್ಲಿ ಗುರುತು ಹಾಕಿ, ಅಗೆದು ಜೇಡಿಮಣ್ಣು ತುಂಬಿ ದಮ್ಮಸು ಮಾಡಿಸಿ. ತೂಬಿನ ಬಾಯಿ ಕಸದಿಂದ ಕಟ್ಟಿಕೊಂಡಿದೆಯೇ, ಕೋಡಿಗೆ ಮೀನಿನ ಬಲೆಯನ್ನೋ ಮರಳು ಚೀಲವನ್ನೋ ಅಡ್ಡ ಹಾಕಿದ್ದಾರೆಯೇ ನೋಡಿ. ಇನ್ನಷ್ಟು ನೀರು ನಿಲ್ಲಲಿ ಎಂಬ ಆಸೆಯಿಂದ ಕೋಡಿ ಎತ್ತರಿಸುವುದು ದೊಡ್ಡ ಮಳೆಯ ವರ್ಷದಲ್ಲಿ ಏರಿಯನ್ನೇ ಒಡೆಯಿಸುತ್ತದೆ. ರಾಜಕಾಲುವೆಯ ಒತ್ತುವರಿಯ ಪ್ರಶ್ನೆ ಹೆಚ್ಚು ಕಷ್ಟದ್ದು, ಜಗಳಕ್ಕೆ ಎಡೆಯಾಗುವುದು. ತಾಲ್ಲೂಕು ಸರ್ವೇಯರ್‌ನಿಂದ ಅಳತೆ ಮಾಡಿಸಿ ಕಲ್ಲು ನೆಡಿಸಿದ ಮೇಲೆ ಮಾತಾಡುವುದು ಕ್ಷೇಮ.

ಮಳೆಗಾಲದಲ್ಲಿ ಏರಿಯ ಹಿಂಬದಿಯ ಬುಡವನ್ನು ದಿನವೂ ನೋಡುವವರು ಇಬ್ಬರಿರಲಿ. ಅಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಕಾದು ನೋಡಬಹುದು. ಅದೇ ನೀರು ಕೆಂಪಗೆ ಮಣ್ಣು ಬೆರೆತು ಬರತೊಡಗಿದರೆ ಏರಿಯ ಒಳಗಿಂದ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ, ಆಗ ಕಾಯುವಂತಿಲ್ಲ: ತೂಬು ಎತ್ತಿ ನೀರು ಇಳಿಸಬೇಕು, ಕೆಳಗಿನ ಊರಿಗೆ ಫೋನು ಹೋಗಬೇಕು, ತಗ್ಗಿನ ಮನೆಗಳವರು ಶಾಲೆಗೆ ಬರಬೇಕು, ತಹಶೀಲ್ದಾರರಿಗೂ ಸಣ್ಣ ನೀರಾವರಿ ಇಲಾಖೆಗೂ ಸುದ್ದಿ ಮುಟ್ಟಬೇಕು. ಮರಳು ಚೀಲಗಳನ್ನು ತುಂಬಿಸಿ ಏರಿಯ ಬಳಿಯೇ ಇಟ್ಟಿರಬೇಕು.

ಹೂಳೆತ್ತುವುದನ್ನು ಫೆಬ್ರವರಿಯಿಂದ ಮೇ ನಡುವೆ ಮುಗಿಸಿ. ಕೆರೆಗೋಡು ಹೊಲಕ್ಕೆ ಹೋದರೆ ಅಲ್ಲಿನ ಮಣ್ಣು ತೇವ ಹಿಡಿಯುವ ಶಕ್ತಿ ಹೆಚ್ಚಿಸಿಕೊಳ್ಳುತ್ತದೆ. ಆದರೆ ಏರಿಯ ಬುಡದಲ್ಲಿ ಜೆಸಿಬಿ ಆಳಕ್ಕೆ ಬಗೆಯುವುದಕ್ಕೆ ಯಾವ ಕಾರಣಕ್ಕೂ ಬಿಡಬೇಡಿ.

ಕಾಳು ಮತ್ತು ಮೇವು

ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು. ಸಣ್ಣ ಕಾಳಾದ ರಾಗಿಗೆ ಹುಳು ಸುಲಭಕ್ಕೆ ಬೀಳುವುದಿಲ್ಲ. ಅದಕ್ಕೇ ಅದು ಬರದ ಸೀಮೆಯ ಧಾನ್ಯವಾಯಿತು. ಇಂದು ಬಹಳ ಮನೆಗಳು ತಿಂಗಳ ಪಡಿತರ ಮತ್ತು ವಾರದ ಸಂತೆಯ ಮೇಲೆ ನಿಂತಿವೆ. ರಸ್ತೆ ಕೊಚ್ಚಿಹೋಗಿ ಲಾರಿ ಬರದ ಹದಿನೈದು ದಿನ, ಇಲ್ಲವೇ ಬೆಲೆ ಮೂರು ಪಟ್ಟಾಗುವ ಮೂರು ತಿಂಗಳು ಎದುರಾದರೆ ಏನು ಮಾಡುವುದು ಎಂಬುದಕ್ಕೆ ಉತ್ತರ ಮನೆಯಲ್ಲೇ ಇರಬೇಕು. ದೊಡ್ಡವರೊಬ್ಬರಿಗೆ ದಿನಕ್ಕೆ 400 ಗ್ರಾಂ ಧಾನ್ಯವೆಂದರೆ ಐವರ ಮನೆಗೆ ತಿಂಗಳಿಗೆ 60 ಕೆ.ಜಿ. ಹೊಲವಿರುವ ಮನೆ ಆರು ತಿಂಗಳದ್ದನ್ನು ಮಾರದೆ ಇಟ್ಟುಕೊಳ್ಳಲಿ. ಹೊಲವಿಲ್ಲದ ಮನೆಗಳಿಗಾಗಿ ಊರಿನದೇ ಒಂದು ಕಣಜ ಬೇಕು: ಸುಗ್ಗಿಯಲ್ಲಿ ರೈತರು ಕೊಡುವ ಪಾಲು, ಸ್ವಸಹಾಯ ಸಂಘಗಳು ಸುಗ್ಗಿ ಬೆಲೆಗೆ ಕೊಳ್ಳುವ ಪಾಲು ಸೇರಿಸಿ ತುಂಬಿಸುವುದು, ಕಷ್ಟದ ತಿಂಗಳಲ್ಲಿ ಕಡ ಕೊಡುವುದು, ಮುಂದಿನ ಸುಗ್ಗಿಯಲ್ಲಿ ಅಳತೆಗೆ ಅಳತೆ ಹಿಂತಿರುಗಿಸಿಕೊಳ್ಳುವುದು. ಬೀಗದ ಕೈ ಮೂವರು ಹೆಂಗಸರ ಬಳಿ ಇರಲಿ, ಮೂವರಲ್ಲಿ ಒಬ್ಬರು ಕಾಲೊನಿಯವರಾಗಿರಲಿ.

ಕಾಳು ಒಣಗಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಒಣಗಿದ ಗಾಜಿನ ಬಾಟಲಿಗೆ ಸುಮಾರು ಮೂರನೇ ಒಂದು ಭಾಗ ಕಾಳು, ಎರಡು ಚಮಚ ಒಣ ಪುಡಿ ಉಪ್ಪು ಹಾಕಿ ಮುಚ್ಚಿ, ಒಂದು ನಿಮಿಷ ಜೋರಾಗಿ ಕುಲುಕಿ, ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ಕಾಳಿನಲ್ಲಿ ಇನ್ನೂ ಪಸೆ ಇದೆ. ಮತ್ತೆರಡು ಬಿಸಿಲು ಕೊಡಬೇಕು. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಅವರೆಗೆ ಹರಳೆಣ್ಣೆ ಸವರುವುದು ಅಜ್ಜಿಯರಿಗೆ ಗೊತ್ತಿರುವ ಕ್ರಮ, ಅದನ್ನು ಕೇಳಿ ಕಲಿಯಿರಿ. ಊರಿನಲ್ಲಿ ಹಳೆಯ ಹಗೇವು ಇದ್ದು ಅದನ್ನು ಮತ್ತೆ ಬಳಸುವ ಉತ್ಸಾಹ ಯಾರಿಗಾದರೂ ಬಂದರೆ ಒಂದು ಎಚ್ಚರಿಕೆ: ಮುಚ್ಚಿಟ್ಟ ಹಗೇವಿನೊಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಬಾಯಿ ತೆರೆದ ಕೂಡಲೇ ಇಳಿದು ಜೀವ ಕಳೆದುಕೊಂಡವರಿದ್ದಾರೆ. ಸಾಧಾರಣ ಮನೆಗೆ ತಗಡಿನ ಡ್ರಮ್ಮೇ ಸಾಕು.

ಹೊಲದಲ್ಲಿ ಒಂದೇ ಬೆಳೆಯನ್ನು ನಂಬುವುದು ಇನ್ನು ಮುಂದೆ ಅಪಾಯ. ರಾಗಿಯ ನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಬಿತ್ತುವ ಅಕ್ಕಡಿ ಸಾಲು ನಮ್ಮದೇ ಪದ್ಧತಿ. ರಾಗಿ ಹೋದ ವರ್ಷ ಅವರೆಯಾದರೂ ಕೈಗೆ ಬರುತ್ತದೆ. ಮುಂಗಾರು ತಡವಾಗಿ ಆಗಸ್ಟ್ ಕೊನೆಗೆ ಬಂದರೆ ಅಲ್ಪಾವಧಿಯ ರಾಗಿ, ಸಾಮೆ, ಅದೂ ಮೀರಿದರೆ ಹುರುಳಿ ಎಂಬ ಕ್ರಮವನ್ನು ಮೊದಲೇ ಗೊತ್ತುಮಾಡಿ, ಆ ಬೀಜಗಳನ್ನು ಊರಿನಲ್ಲೇ ಇಟ್ಟಿರಬೇಕು. ಬರದ ವರ್ಷ ಎಲ್ಲರೂ ಒಟ್ಟಿಗೆ ಹುಡುಕುವಾಗ ಹುರುಳಿ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ.

ದನವೊಂದಕ್ಕೆ ದಿನಕ್ಕೆ ಸುಮಾರು ಆರು ಕೆ.ಜಿ. ಒಣ ಮೇವು ಬೇಕು. ಎರಡು ಹಸುಗಳ ಮನೆಗೆ ಬೇಸಿಗೆಯ ನಾಲ್ಕು ತಿಂಗಳಿಗೆ ಒಂದೂವರೆ ಟನ್. ರಾಗಿ ಹುಲ್ಲಿನ ಬಣವೆಯನ್ನು ಜನವರಿಯಲ್ಲಿ ದಲ್ಲಾಳಿಗೆ ಕೊಟ್ಟು ಏಪ್ರಿಲ್‌ನಲ್ಲಿ ಎರಡರಷ್ಟು ಬೆಲೆಗೆ ಕೊಳ್ಳುವ ಸ್ಥಿತಿ ಬರದಂತೆ ಡೇರಿ ಸಂಘವೇ ಮುಂದೆ ನಿಂತು ಮೇವಿನ ದಾಸ್ತಾನು ಮಾಡಲಿ. ಗೋಮಾಳ ಉಳಿದಿರುವ ಊರು ಅದನ್ನು ಕಣ್ಣಿನಂತೆ ಕಾಯಬೇಕು.

ಬಿಸಿಲು

ಬಯಲುಸೀಮೆಯಲ್ಲಿ ಬಿಸಿಲಿನ ಸಾವುಗಳು ಲೆಕ್ಕಕ್ಕೆ ಬರುವುದು ಕಡಿಮೆ. ವೃದ್ಧರು ಸತ್ತರೆ ವಯಸ್ಸಾಗಿತ್ತು ಎನ್ನುತ್ತಾರೆ. ಮಾರ್ಚ್‌ನಿಂದ ಮೇವರೆಗೆ ಹನ್ನೊಂದರಿಂದ ನಾಲ್ಕು ಗಂಟೆಯವರೆಗೆ ಉದ್ಯೋಗ ಖಾತರಿಯ ಕೆಲಸವಾಗಲಿ ಕೂಲಿಯಾಗಲಿ ಬೇಡವೆಂದು ಊರೇ ತೀರ್ಮಾನಿಸಿ, ಬೆಳಗ್ಗೆ ಆರಕ್ಕೆ ಶುರುಮಾಡುವ ಪದ್ಧತಿ ತರಬೇಕು. ಕೂಲಿ ಕಡಿತ ಮಾಡಬಾರದು. ತಗಡು ಮತ್ತು ಸಿಮೆಂಟ್ ಶೀಟಿನ ಮನೆಗಳಿಗೆ ಫೆಬ್ರವರಿಯಲ್ಲೇ ಸುಣ್ಣ ಬಳಿದರೆ ಒಳಗಿನ ಕಾವು ಇಳಿಯುತ್ತದೆ. ಮೇಲೆ ತೆಂಗಿನ ಗರಿ ಹೊದಿಸಿದರೆ ಇನ್ನೂ ಒಳ್ಳೆಯದು, ಬೆಂಕಿಯ ಎಚ್ಚರವಿದ್ದರೆ.

ಬಳಲಿದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಮೈ ಕೆಂಡದಂತೆ ಸುಡುತ್ತಿದ್ದು ಮಾತು ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಂತೆ ವರ್ತಿಸಿದರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡಿ, ಆಂಬುಲೆನ್ಸಿಗೆ ಕಾಯದೆ ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯುತ್ತ ಬೀಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ವಿದ್ಯುತ್ತು, ಫೋನು, ಹಣ

ಇವು ಮೂರೂ ಒಟ್ಟಿಗೆ ಹೋಗುತ್ತವೆ. ವಿದ್ಯುತ್ ಎರಡು ದಿನ ಇಲ್ಲದಿದ್ದರೆ ಟವರಿನ ಬ್ಯಾಟರಿ ಮುಗಿಯುತ್ತದೆ, ಟವರ್ ಹೋದರೆ ಫೋನ್‌ಪೇ ಹೋಗುತ್ತದೆ, ಆಮೇಲೆ ಅಂಗಡಿಯಲ್ಲಿ ಸಾಮಾನಿದ್ದರೂ ಕೊಳ್ಳಲಾಗದು. ಮನೆಯಲ್ಲಿ ಹದಿನೈದು ದಿನದ ಖರ್ಚಿಗಾಗುವಷ್ಟು ಸಣ್ಣ ನೋಟು, ಬ್ಯಾಟರಿ ರೇಡಿಯೊ, ಕಾಗದದ ಮೇಲೆ ಬರೆದ ಫೋನ್ ಸಂಖ್ಯೆಗಳು ಇರಲಿ. ಕುಡಿಯುವ ನೀರಿನ ಒಂದು ಕೊಳವೆಬಾವಿಗಾದರೂ ಸೋಲಾರ್ ಪಂಪು ಬೇಕೇಬೇಕು. ಪಂಚಾಯಿತಿಗೆ ಹಾಕುವ ಅರ್ಜಿಗಳಲ್ಲಿ ಇದನ್ನು ಮೊದಲು ಇಡಿ.

ಮುನ್ಸೂಚನೆಗೆ ಭಾರತೀಯ ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳಿವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲೂ ಮಳೆ ಅಳೆಯುತ್ತದೆ. ಸಿಡಿಲಿಗೆ ದಾಮಿನಿ ಆ್ಯಪ್ ಇದೆ. ಇವನ್ನು ನೋಡುವ ಹೊಣೆ ಊರಿನ ಇಬ್ಬರು ಯುವಕ ಯುವತಿಯರಿಗೆ ಕೊಟ್ಟು, ಕಿತ್ತಳೆ ಎಚ್ಚರಿಕೆ ಬಂದರೆ ದೇವಸ್ಥಾನದ, ಮಸೀದಿಯ ಮೈಕಿನಲ್ಲಿ ಹೇಳಿಸುವ ಒಪ್ಪಂದ ಮಾಡಿಕೊಳ್ಳಿ.

ನಂಬಿಕೆ ಮತ್ತು ನಿಯಮ

ಬರದ ಎರಡನೇ ತಿಂಗಳಲ್ಲಿ ಊರನ್ನು ಒಡೆಯುವುದು ಬಾಯಾರಿಕೆಗಿಂತ ಅನುಮಾನ: ಅವನ ತೋಟಕ್ಕೆ ರಾತ್ರಿ ನೀರು ಬಿಡುತ್ತಾರೆ, ಟ್ಯಾಂಕರ್ ಅವರ ಬೀದಿಗೇ ಮೊದಲು ಹೋಗುತ್ತದೆ ಎಂಬ ಮಾತು. ಆದ್ದರಿಂದ ನಿಯಮಗಳನ್ನು ನೀರಿರುವಾಗಲೇ ಗ್ರಾಮಸಭೆಯಲ್ಲಿ ಬರೆದು ಸಹಿ ಹಾಕಬೇಕು. ಡ್ರಮ್ಮಿನ ಅಳತೆ ಯಾವ ನಿಮಿಷ ದಾಟಿದರೆ ಅಡಿಕೆ, ಬಾಳೆ ತೋಟಗಳ ಪಂಪು ದಿನಬಿಟ್ಟು ದಿನ, ಯಾವ ನಿಮಿಷ ದಾಟಿದರೆ ಖಾಸಗಿ ಕೊಳವೆಬಾವಿಯವರು ಊರಿಗೆ ನೀರು ಕೊಡಬೇಕು, ಅವರಿಗೆ ಪಂಚಾಯಿತಿ ಕೊಡುವ ಬಾಡಿಗೆ ಎಷ್ಟು, ಟ್ಯಾಂಕರ್ ಯಾವ ಬೀದಿಯಿಂದ ಶುರುವಾಗಿ ಮರುದಿನ ಯಾವ ಬೀದಿಯಿಂದ ಎಂಬುದೆಲ್ಲ ಸಂಖ್ಯೆಯಲ್ಲಿರಲಿ. ಬರಗಾಲದ ಸಾಲಕ್ಕಾಗಿ ಸ್ವಸಹಾಯ ಸಂಘಗಳು ಬೇರೆ ನಿಧಿ ಕೂಡಿಡಲಿ. ಮೀಟರ್ ಬಡ್ಡಿಯ ಸಾಲವೇ ಬಹಳ ಮನೆಗಳನ್ನು ಊರು ಬಿಡಿಸುತ್ತದೆ. ಗುಳೆ ಹೋಗುವವರ ಮಕ್ಕಳು, ವೃದ್ಧರು ಊರಲ್ಲೇ ಉಳಿದರೆ ಅವರ ಊಟಕ್ಕೆ ಯಾರು ಹೊಣೆ ಎಂಬುದೂ ಆ ಬರಹದಲ್ಲಿರಬೇಕು.

ಊರು ಬಿಟ್ಟು ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಸಿದವರಿಗೆ ಜಾತ್ರೆಯ ಚಂದಾ ಕೇಳುವ ಹಾಗೆಯೇ ಸೋಲಾರ್ ಪಂಪಿಗೆ, ಶಾಲೆಯ ಮಳೆನೀರಿನ ತೊಟ್ಟಿಗೆ ಕೇಳಿ. ಕೊಡುವವರಿದ್ದಾರೆ. ಅವರಿಂದ ಇನ್ನೂ ಒಂದು ಕೆಲಸ ಆಗಬೇಕು. ಭಾರತದ ತಲಾ ಇಂಗಾಲದ ಹೊರಸೂಸುವಿಕೆ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಬಯಲುಸೀಮೆಯ ಕೂಲಿ ಕುಟುಂಬದ ಪಾಲಂತೂ ತೀರಾ ಅತ್ಯಲ್ಪ. ಕಲ್ಲಿದ್ದಲು, ಪೆಟ್ರೋಲು, ಅನಿಲದ ದೊಡ್ಡ ಪಾಲು ಉರಿಯುವ ನಗರಗಳಲ್ಲಿ ಮತ್ತು ದೇಶಗಳಲ್ಲಿ ಇರುವ ಕನ್ನಡಿಗರು ಅಲ್ಲಿನ ಮತದಾರರಾಗಿ, ನೌಕರರಾಗಿ, ಹೂಡಿಕೆದಾರರಾಗಿ ಅದನ್ನು ತಗ್ಗಿಸಲು ಒತ್ತಾಯಿಸದಿದ್ದರೆ ಊರಿನ ಈ ಸಿದ್ಧತೆಗೆ ಒಂದು ಮಿತಿ ಬಂದೇ ಬರುತ್ತದೆ. ಮೂರು ಡಿಗ್ರಿ ಕಾವೇರಿದ ಭೂಮಿಯಲ್ಲಿ ತೂಬು, ಕಣಜ, ಡ್ರಮ್ಮುಗಳು ಸಾಲುವುದಿಲ್ಲ. ಒಂದೊಂದು ಹತ್ತನೇ ಒಂದು ಡಿಗ್ರಿಯನ್ನು ತಡೆದಾಗಲೂ ಇಲ್ಲಿನ ಕೆಲಸ ಅಷ್ಟು ಹಗುರವಾಗುತ್ತದೆ.

ಯಾವಾಗ ಶುರುಮಾಡುವುದು

ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ತಯಾರಿ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಆರಂಭವಾಗುತ್ತದೆ. ಆ ಹೊತ್ತಿಗೆ ನಿಮ್ಮ ನೋಟ್‌ಬುಕ್ಕಿನ ಜನರ ಲೆಕ್ಕ, ಬಾವಿಯ ಅಳತೆ, ಏರಿಯ ದೋಷಗಳ ಪಟ್ಟಿ ಸಿದ್ಧವಿದ್ದರೆ ವಾರ್ಡ್ ಸಭೆಯಲ್ಲಿ ಇಟ್ಟು, ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಪ್ರತಿ ಪಡೆಯಬಹುದು. ನಡಾವಳಿಯಲ್ಲಿ ಬರದ ಮಾತಿಗೆ ಅನುದಾನ ಬರುವುದಿಲ್ಲ, ಇದನ್ನು ಮರೆಯಬೇಡಿ. ಅಕ್ಟೋಬರ್ ದೂರವಿದ್ದರೆ ಅದಕ್ಕಾಗಿ ಕಾಯಬೇಕಾಗಿಲ್ಲ. ಡ್ರಮ್ಮು, ನೋಟ್‌ಬುಕ್ಕು, ಏರಿಯ ಮೇಲಿನ ನಡಿಗೆ ಈ ಮೂರಕ್ಕೆ ಯಾರ ಅನುಮತಿಯೂ ಬೇಡ.

ಮೇ ತಿಂಗಳ ಕೊನೆಯಲ್ಲಿ ಒಂದು ದಿನ ತಾಲೀಮು ಮಾಡಿ. ಬೆಳಗ್ಗೆ ಪಂಪು ನಿಲ್ಲಿಸಿ, ತಲೆಗೆ 15 ಲೀಟರಿನಂತೆ ನೀರು ಹಂಚಿ ನೋಡಿ. ಒಂಟಿ ವೃದ್ಧರ ಮನೆಗೆ ಯಾರು ಎಷ್ಟು ಹೊತ್ತಿಗೆ ತಲುಪಿದರು, ತಗ್ಗಿನ ಮನೆಯವರು ಶಾಲೆಗೆ ಬರಲು ಎಷ್ಟು ಹೊತ್ತಾಯಿತು, ಯಾವ ಫೋನ್ ಸಂಖ್ಯೆ ಬದಲಾಗಿತ್ತು, ಕಣಜದ ಬೀಗದ ಕೈ ಬೇಕಾದಾಗ ಸಿಕ್ಕಿತೇ ಎಂಬುದನ್ನು ಅಂದೇ ಸಂಜೆ ಬರೆದು, ಕೊರತೆ ಕಂಡದ್ದನ್ನು ಜೂನ್ ಮೊದಲ ವಾರದೊಳಗೆ, ಮುಂಗಾರು ಬಲಗೊಳ್ಳುವ ಮುಂಚೆ, ಸರಿಪಡಿಸಿಕೊಳ್ಳಿ. ಮಳೆಗಾಲ ಮುಗಿದ ಮೇಲೆ ನವೆಂಬರ್‌ನಲ್ಲಿ ಇನ್ನೊಮ್ಮೆ ಏರಿಯ ಮೇಲೆ ನಡೆದು, ಡ್ರಮ್ಮಿನ ಅಳತೆಯನ್ನು ಹಿಂದಿನ ನವೆಂಬರಿನದಕ್ಕೆ ಹೋಲಿಸಿ, ಮುಂದಿನ ಬೇಸಿಗೆಗೆ ಯಾವ ನಿಯಮ ಯಾವ ತಿಂಗಳಿಂದ ಜಾರಿಗೆ ಬರಬೇಕೆಂದು ಸಭೆಯಲ್ಲಿ ಘೋಷಿಸಿ.